ಕೆಳಗಿನಿಂದ ಮೇಲಕ್ಕೆ ಓದುವ ಗಾಜು

ಪ್ಯಾರಿಸ್‌ನಿಂದ ರೈಲಿನಲ್ಲಿ ಸುಮಾರು ಒಂದು ತಾಸು ಪ್ರಯಾಣಿಸಿದರೆ ಶಾರ್ತ್ರ್ ಸಿಗುತ್ತದೆ. ಗೋಧಿ ಬಯಲಿನಾಚೆ ಮೊದಲು ಕಾಣುವುದು ಕ್ಯಾಥೆಡ್ರಲ್ಲಿನ ಎರಡು ಗೋಪುರಗಳು. ಎರಡೂ ಒಂದೇ ತರಹ ಇಲ್ಲ. ದಕ್ಷಿಣದ್ದು 12ನೇ ಶತಮಾನದ್ದು, ಅಲಂಕಾರವಿಲ್ಲದ ನೇರ ಶಿಖರ. ಉತ್ತರದ್ದರ ಮೇಲಿದ್ದ ಮರದ ಶಿಖರ 1506ರಲ್ಲಿ ಸಿಡಿಲಿಗೆ ಸುಟ್ಟುಹೋದ ಮೇಲೆ ಕಟ್ಟಿದ್ದು, ತುಂಬ ಕುಸುರಿ. ನನ್ನ ಮನಸ್ಸು ದಕ್ಷಿಣದ ಕಡೆಗೇ. ಆದರೆ ಅಷ್ಟು ದೂರ ಹೋಗಬೇಕಾದದ್ದು ಗೋಪುರಕ್ಕಲ್ಲ, ಗಾಜಿಗೆ.

1194ರ ಬೆಂಕಿಯಲ್ಲಿ ಹಳೆಯ ಕಟ್ಟಡದ ಬಹುಪಾಲು ನಾಶವಾಯಿತು. ಹೊಸದನ್ನು ಕಟ್ಟಿದವರು ಚಾವಣಿಯ ಒತ್ತಡವನ್ನು ಹೊರಗಿನ ಕಮಾನು ಆನಿಕೆಗಳಿಗೆ ಹೊರಿಸಿ, ಗೋಡೆಗಳನ್ನು ಕಿಟಕಿಗಳಿಗೆ ಬಿಟ್ಟುಕೊಟ್ಟರು. ಹೀಗೆ ಬಂದವು 176 ಕಿಟಕಿಗಳು. ಅವುಗಳಲ್ಲಿ ಹೆಚ್ಚಿನವು 13ನೇ ಶತಮಾನದ ಗಾಜನ್ನೇ ಇಂದಿಗೂ ಉಳಿಸಿಕೊಂಡಿವೆ. 1939ರಲ್ಲಿ ಯುದ್ಧಕ್ಕೆ ಮುಂಚೆ ಅವನ್ನೆಲ್ಲ ಬಿಚ್ಚಿ ಸಾಗಿಸಿದ್ದರು, ಆದ್ದರಿಂದ ಉಳಿದವು.

ನಡುವೆ ನಿಂತು ಒಂದು ಸುತ್ತು ಕಣ್ಣಾಡಿಸಿ ಹೊರಬರಬೇಡಿ. ಒಂದೇ ಕಿಟಕಿ ಆರಿಸಿಕೊಳ್ಳಿ. ಬೈನಾಕ್ಯುಲರ್ ಇರಲಿ. ತೆಳು ಮೋಡದ ದಿನವಾದರೆ ಇನ್ನೂ ಒಳ್ಳೆಯದು. ಬಿರುಬಿಸಿಲಿಗೆ ಬಣ್ಣಗಳು ಒಂದರ ಮೇಲೊಂದು ಹರಿದು ರೇಖೆ ಮಸುಕಾಗುತ್ತದೆ.

ದಕ್ಷಿಣ ಪಕ್ಕಸಾಲೆಯ 'ಒಳ್ಳೆಯ ಸಮಾರ್ಯದವನು' ಕಿಟಕಿಯಿಂದ ಶುರುಮಾಡಿ ಎನ್ನುತ್ತೇನೆ. ವೀರಗಲ್ಲು ಓದಿ ಅಭ್ಯಾಸವಿರುವ ನಮಗೆ ಇಲ್ಲಿನ ಕ್ರಮ ಹೊಸದಲ್ಲ: ಕಥೆ ಬುಡದಿಂದ ಏರುತ್ತದೆ. ತೀರ ಕೆಳಗೆ ಪಾದರಕ್ಷೆ ಮಾಡುವವರು ತಮ್ಮ ಕೆಲಸದಲ್ಲಿದ್ದಾರೆ. ಪಕ್ಕದ ಕಿಟಕಿಯೊಂದರಲ್ಲಿ ನೀರು ಹೊರುವವರು, ಉತ್ತರದ ನೋಹನ ಕಿಟಕಿಯಲ್ಲಿ ಬಡಗಿಗಳು. ಇವರೇ ಹಣ ಕೊಟ್ಟರೋ, ಪಾದ್ರಿಗಳು ಇವರ ಚಿತ್ರ ಹಾಕಿಸಿದರೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಯಾರ ದುಡ್ಡಾದರೂ ಆಗಲಿ, ದುಡಿಯುವ ಕೈಗಳು ಸಂತರ ಕಥೆಗಳ ಬುಡದಲ್ಲಿ ಕುಳಿತಿವೆ. ನನಗೆ ಈ ದೇಗುಲ ಹತ್ತಿರವಾಗುವುದು ಅಲ್ಲಿಯೇ.

ಅವರ ಮೇಲೆ ಯೇಸು ಹೇಳಿದ ಸಾಮತಿ: ಜೆರುಸಲೇಮಿನಿಂದ ಹೊರಟ ಪಯಣಿಗನನ್ನು ಕಳ್ಳರು ಬಡಿಯುತ್ತಾರೆ. ಅರ್ಚಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿಯೂ ಮುಂದೆ ಹೋಗುತ್ತಾರೆ. ಅನ್ಯನಾದ ಸಮಾರ್ಯದವನು ಗಾಯ ಕಟ್ಟಿ ಛತ್ರಕ್ಕೆ ಕರೆದೊಯ್ಯುತ್ತಾನೆ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅದರ ಮೇಲೆ ಆದಾಮನ ಸೃಷ್ಟಿ, ಈಡನ್ ತೋಟ, ಹಣ್ಣು, ಹೊರದೂಡಿಕೆ! ಮಧ್ಯಯುಗದ ಧರ್ಮಪಂಡಿತರ ಪ್ರಕಾರ ಆ ಪಯಣಿಗ ಸ್ವರ್ಗದಿಂದ ಬಿದ್ದ ಮನುಕುಲ, ಸಮಾರ್ಯದವನು ಕ್ರಿಸ್ತ. ಒಂದು ವ್ಯಾಖ್ಯಾನಗ್ರಂಥವನ್ನೇ ಗಾಜಿನಲ್ಲಿ ಬರೆದಿಟ್ಟಿದ್ದಾರೆ, ಎರಡು ಕಥೆಗಳ ನಡುವೆ ಒಂದು ಮಾತೂ ಇಲ್ಲದೆ.

2009ರಿಂದ ಒಳಗೋಡೆಗಳ ಮಸಿ ತೆಗೆದು ತಿಳಿಬಣ್ಣಕ್ಕೆ ತಂದದ್ದಕ್ಕೆ ಬಹಳ ಆಕ್ಷೇಪ ಬಂತು. ಕತ್ತಲಿದ್ದಾಗ ಗಾಜು ಹೆಚ್ಚು ಉರಿಯುತ್ತಿತ್ತು ಎಂಬ ದೂರಿನಲ್ಲಿ ಸತ್ಯವಿದೆ. ಆದರೂ ನಾನು ಜೀರ್ಣೋದ್ಧಾರದವರ ಪಕ್ಷ. ಮಸಿಯಡಿಯಲ್ಲಿ ಸಿಕ್ಕಿದ್ದು 13ನೇ ಶತಮಾನದ ಗಾರೆಯ ಬಣ್ಣವೇ.

ಕಣ್ಣು ಪಳಗಿದ ಮೇಲೆ ಗರ್ಭಗುಡಿಯ ದಕ್ಷಿಣ ಪ್ರದಕ್ಷಿಣಾಪಥದಲ್ಲಿರುವ 'ನೀಲಿ ಕನ್ಯೆ'ಯ ಮುಂದೆ ನಿಲ್ಲಿ. ಮಗುವನ್ನು ಮಡಿಲಲ್ಲಿಟ್ಟ ಮರಿಯಳ ಫಲಕಗಳು ಸುಮಾರು 1180ರವು, ಬೆಂಕಿಯಿಂದ ಪಾರಾದವು. ಸುತ್ತಲಿನ ದೇವದೂತರು ಆಮೇಲೆ ಸೇರಿದವರು. ಎರಡೂ ಕಾಲದ ನೀಲಿಯನ್ನು ಅಕ್ಕಪಕ್ಕ ಇಟ್ಟು ನೋಡಿ, ಹಳೆಯದು ಎಷ್ಟು ತಿಳಿಯಾಗಿದೆಯೆಂದು ನಿಮಗೇ ಗೊತ್ತಾಗುತ್ತದೆ.