ಶಿಖರವೊಂದು, ಗ್ರಂಥ ಮೂರು

೧

ಸಾಹಸಗ್ರಂಥಗಳನ್ನು ಸಾಹಿತ್ಯವಿಮರ್ಶೆಯ ಪಂಕ್ತಿಯಲ್ಲಿ ಕೂರಿಸುವ ವಾಡಿಕೆ ನಮ್ಮಲ್ಲಿ ಅಷ್ಟಾಗಿ ಇಲ್ಲ. ಪರ್ವತಾರೋಹಣ, ಸಮುದ್ರಯಾನ, ಧ್ರುವಯಾತ್ರೆ, ಆಟೋಟ ಇವುಗಳನ್ನು ಕುರಿತ ಪುಸ್ತಕಗಳು ಶಾಲೆಯ ಕಪಾಟಿನ ಒಂದು ಮೂಲೆಯಲ್ಲಿ ಬಾಲಕರಿಗೆಂದು ಮೀಸಲಾಗಿರುತ್ತವೆ. ಉಪಾಧ್ಯಾಯರಾದ ನಾವು ಅವುಗಳನ್ನು ಬಹುಮಾನವಾಗಿ ಹಂಚುತ್ತೇವೆ. ಧೈರ್ಯಕ್ಕೆ ದೃಷ್ಟಾಂತ ಬೇಕಾದಾಗ ಅವುಗಳಿಂದ ಒಂದು ಪ್ರಸಂಗವನ್ನು ಎತ್ತಿ ಹೇಳುತ್ತೇವೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಒಂದು ಕಾವ್ಯವನ್ನೋ ಶಾಸನವನ್ನೋ ಓದುವಾಗ ಬರೆದವರು ಯಾರು, ಯಾರಿಗಾಗಿ ಬರೆದರು, ಪಾಠಾಂತರಗಳೇನು ಎಂದು ಕೇಳುವ ನಾವು ಈ ಪುಸ್ತಕಗಳ ಮುಂದೆ ಆ ಪ್ರಶ್ನೆಗಳನ್ನು ಇಡುವುದಿಲ್ಲ. ನಡೆದುದನ್ನು ನಡೆದಂತೆ ಬರೆದಿದ್ದಾರೆ, ಇದರಲ್ಲಿ ವಿಮರ್ಶೆಗೆ ಎಡೆಯೆಲ್ಲಿ ಎಂಬುದು ನಮ್ಮ ಸಮಾಧಾನ.

ಈ ಸಮಾಧಾನ ಎಷ್ಟು ಸಡಿಲವಾದುದೆಂಬುದನ್ನು ಒಂದೇ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ೧೯೫೩ನೆಯ ಇಸವಿ ಮೇ ೨೯ರಂದು, ಬೆಳಗಿನ ಹನ್ನೊಂದೂವರೆ ಗಂಟೆಗೆ, ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಶಿಖರವನ್ನು ಮುಟ್ಟಿದರು. ಈ ಒಂದು ಘಟನೆಯನ್ನು ಕುರಿತು ಎರಡು ವರ್ಷಗಳೊಳಗೆ ಮೂರು ಮುಖ್ಯ ಗ್ರಂಥಗಳು ಹೊರಬಂದವು. ತಂಡದ ನಾಯಕ ಕರ್ನಲ್ ಜಾನ್ ಹಂಟ್ ಅವರ ‘ದಿ ಅಸೆಂಟ್ ಆಫ್ ಎವರೆಸ್ಟ್’ ೧೯೫೩ರಲ್ಲಿಯೇ ಬಂದಿತು. ಹಿಲರಿಯವರ ‘ಹೈ ಅಡ್ವೆಂಚರ್’ ಮತ್ತು ತೇನ್‌ಸಿಂಗರ ‘ಮ್ಯಾನ್ ಆಫ್ ಎವರೆಸ್ಟ್’ ೧೯೫೫ರಲ್ಲಿ ಬಂದವು. ಘಟನೆ ಒಂದೇ, ಹಗ್ಗವೂ ಒಂದೇ. ಆದರೆ ಗ್ರಂಥಗಳು ಒಂದೇ ಅಲ್ಲ. ಏಕೆ ಅಲ್ಲ ಎಂಬುದರಲ್ಲಿ ನಾವು ಕಲಿಯಬೇಕಾದುದು ಬಹಳವಿದೆ.

೨

ಮೊದಲು ಮೂರರ ಸ್ವರೂಪವನ್ನು ನೋಡೋಣ. ಹಂಟ್ ಅವರದು ಸೇನಾಧಿಕಾರಿಯ ಗದ್ಯ. ಯೋಜನೆ, ಸಿದ್ಧತೆ, ಸಾಮಗ್ರಿ, ಶಿಬಿರಗಳ ಕ್ರಮ, ಆಮ್ಲಜನಕದ ಲೆಕ್ಕ ಇವೆಲ್ಲ ಅಲ್ಲಿ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತವೆ. ಉಪಕರಣ, ಆಹಾರ ಮೊದಲಾದವುಗಳಿಗೆ ಪ್ರತ್ಯೇಕ ಅನುಬಂಧಗಳೇ ಇವೆ. ಶಿಖರವನ್ನು ಮುಟ್ಟುವ ಯತ್ನಕ್ಕೆ ಅವರು ಬಳಸುವ ಪದವೂ ಯುದ್ಧದ್ದೇ, ‘ಆಕ್ರಮಣ’. ಆದರೂ ಗ್ರಂಥ ಶುಷ್ಕವಲ್ಲ. ಹಿಂದಿನ ತಂಡಗಳ ಋಣವನ್ನು ಅವರು ಮನಸಾರೆ ಒಪ್ಪಿಕೊಳ್ಳುತ್ತಾರೆ. ಮೇ ೨೬ರಂದು ಬೋರ್ಡಿಲನ್ ಮತ್ತು ಇವಾನ್ಸ್ ದಕ್ಷಿಣ ಶಿಖರವನ್ನು ಮುಟ್ಟಿ ಹಿಂದಿರುಗಬೇಕಾಗಿ ಬಂದುದನ್ನು ಸೋಲೆಂದು ಬರೆಯದೆ ಗೆಲುವಿನ ಒಂದು ಮೆಟ್ಟಿಲೆಂದು ಬರೆಯುತ್ತಾರೆ. ಅದೇ ದಿನ ನಾಯಕರು ತಾವೇ ದಾ ನಾಮ್‌ಗ್ಯಾಲ್ ಎಂಬ ಶೆರ್ಪನೊಡನೆ ಹೊರೆ ಹೊತ್ತು ೨೭,೦೦೦ ಅಡಿಗಳಿಗೂ ಮೇಲೆ ಏರಿದ್ದರೆಂಬುದನ್ನು ನೆನೆದರೆ, ಇದು ಡೇರೆಯಲ್ಲಿ ಕುಳಿತು ಅಪ್ಪಣೆ ಕೊಟ್ಟವರ ಪುಸ್ತಕವಲ್ಲವೆಂಬುದು ಸ್ಪಷ್ಟ. ಆದರೆ ಅವರ ದೃಷ್ಟಿ ಸದಾ ತಂಡದ ಮೇಲೆ; ವ್ಯಕ್ತಿ ಅಲ್ಲಿ ಯಂತ್ರದೊಳಗಣ ಒಂದು ಚಕ್ರ.

ಹಿಲರಿಯವರು ನ್ಯೂಜಿಲೆಂಡಿನವರು, ಜೇನುಸಾಕಣೆ ಅವರ ಕಸುಬು. ಅವರ ಬರೆಹದಲ್ಲಿ ಹಳ್ಳಿಗನ ನೇರವಿದೆ, ನಗೆಯಿದೆ, ಯಾರನ್ನೂ ಮೆಚ್ಚಿಸಬೇಕೆಂಬ ಹಂಬಲವಿಲ್ಲ. ತಮ್ಮ ನಾಡಿನ ಹಿಮಪರ್ವತಗಳಿಂದ ಮೊದಲುಗೊಂಡು ಎವರೆಸ್ಟಿನವರೆಗೆ ಒಬ್ಬ ತರುಣ ಬೆಳೆದುಬಂದ ಬಗೆಯನ್ನು ಅವರು ಹೇಳುತ್ತಾರೆ.

ತೇನ್‌ಸಿಂಗರ ಗ್ರಂಥ ಈ ಎರಡಕ್ಕೂ ಭಿನ್ನ. ಹಂಟ್ ಅವರಿಗೆ ಎವರೆಸ್ಟ್ ಒಂದು ಕಾರ್ಯ. ಹಿಲರಿಯವರಿಗೆ ಒಂದು ಪಂದ್ಯ. ತೇನ್‌ಸಿಂಗರಿಗೆ ಅದು ಬಾಲ್ಯದಲ್ಲಿ ಕಣ್ಣೆದುರಿಗಿದ್ದ ಮನೆಯ ಬೆಟ್ಟ. ಹಕ್ಕಿಯೂ ಹಾರಿ ದಾಟಲಾರದ ಪರ್ವತ ಅದೆಂದು ತಾಯಿ ಹೇಳುತ್ತಿದ್ದುದನ್ನು ಅವರು ನೆನೆಯುತ್ತಾರೆ. ೧೯೩೫ರಲ್ಲಿ ಹೊರೆಯಾಳಾಗಿ ಮೊದಲ ಸಲ ಹೋದವರು ೧೯೫೩ಕ್ಕೆ ಏಳನೆಯ ಸಲ ಹೊರಟಿದ್ದರು. ಅದರ ಹಿಂದಿನ ವರ್ಷವೇ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟರೊಡನೆ ೨೮,೦೦೦ ಅಡಿಗಳಿಗೂ ಮೇಲಕ್ಕೆ ಹೋಗಿ ಬಂದಿದ್ದರು. ಆದ್ದರಿಂದ ಹಂಟ್ ಅವರ ಗ್ರಂಥದಲ್ಲಿ ಕೆಲವು ತಿಂಗಳುಗಳ ಕಥೆಯಾಗಿರುವುದು ಇಲ್ಲಿ ಹದಿನೆಂಟು ವರ್ಷಗಳ ಕಥೆಯಾಗುತ್ತದೆ. ಶಿಖರದ ಮೇಲೆ ನಿಂತು ಅವರು ಹೇಳಿದುದು ಜಯಘೋಷವನ್ನಲ್ಲ, ಪರ್ವತಕ್ಕೆ ಕೃತಜ್ಞತೆಯನ್ನು.

೩

ಇನ್ನು ಪಾಠಾಂತರಗಳ ವಿಚಾರ. ಶಿಖರದ ಮೇಲೆ ಮೊದಲು ಕಾಲಿಟ್ಟವರು ಯಾರು? ಹಂಟ್ ಅವರ ಗ್ರಂಥದಲ್ಲಿ ಈ ಭಾಗವನ್ನು ಬರೆದವರು ಹಿಲರಿಯವರೇ. ಆದರೆ ಅಲ್ಲಿ ಕಾಲಿಟ್ಟವರು ‘ನಾವು’. ಈ ಬಹುವಚನ ವ್ಯಾಕರಣದ್ದು ಮಾತ್ರವಲ್ಲ, ರಾಜಕಾರಣದ್ದೂ ಹೌದು. ತೇನ್‌ಸಿಂಗ್ ಮೇಲೆ ನಿಂತು ಬಿಳಿಯನೊಬ್ಬನನ್ನು ಹಗ್ಗದಿಂದ ಎಳೆಯುತ್ತಿರುವ ಚಿತ್ರಗಳನ್ನು ನೇಪಾಳದ ಸ್ವಾಗತದಲ್ಲಿ ಮೆರೆಸಿದ್ದರು. ತಮ್ಮವನೇ ಮೊದಲಿಗನೆಂದು ಹೇಳಿಸಬೇಕೆಂಬ ಒತ್ತಾಯ ಸುತ್ತಲೂ ಇತ್ತು. ಕಠ್ಮಂಡುವಿನಲ್ಲಿ ಇಬ್ಬರೂ ‘ಬಹುಮಟ್ಟಿಗೆ ಒಟ್ಟಿಗೇ’ ತಲಪಿದೆವೆಂಬ ಹೇಳಿಕೆಗೆ ಸಹಿ ಹಾಕಿದರು. ಎರಡು ವರ್ಷಗಳ ಮೇಲೆ ಈ ಗಂಟನ್ನು ಬಿಚ್ಚಿದವರು ತೇನ್‌ಸಿಂಗರು: ಹಗ್ಗದ ಮುಂದಿನ ತುದಿಯಲ್ಲಿದ್ದವರು ಹಿಲರಿ, ಅವರು ಮೊದಲು ಮೆಟ್ಟಿದರು, ತಾವು ಅವರ ಹಿಂದೆಯೇ ಮೆಟ್ಟಿದೆವು. ಎರಡನೆಯವನಾಗುವುದು ನಾಚಿಕೆಯಾದರೆ ಆ ನಾಚಿಕೆಯೊಡನೆಯೇ ಬದುಕುತ್ತೇನೆಂಬುದು ಅವರ ನಿಲುವು. ಹಿಲರಿಯವರು ೧೯೯೯ರ ಆತ್ಮಕಥೆಯಲ್ಲಿ ಇದನ್ನೇ ಮುಚ್ಚುಮರೆಯಿಲ್ಲದೆ ಹೇಳಿದರು. ಸತ್ಯದಿಂದ ನಷ್ಟವಾಗಬಹುದಾದವನೇ ಮೊದಲು ಸತ್ಯವನ್ನು ನುಡಿದನೆಂಬುದು ಈ ಗ್ರಂಥದ ಪ್ರಾಮಾಣ್ಯಕ್ಕೆ ದೊಡ್ಡ ಆಧಾರ.

ಹೀಗೆ ಒಂದು ಕಡೆ ತನ್ನ ಹಿರಿಮೆಯನ್ನು ಬಿಟ್ಟುಕೊಟ್ಟ ಸಾಕ್ಷಿ ಇನ್ನೊಂದು ಕಡೆ ಬಿಟ್ಟುಕೊಡುವುದಿಲ್ಲ. ಶಿಖರದ ಕೆಳಗಣ ಬಂಡೆಯ ಇರುಕನ್ನು ಹಿಲರಿಯವರು ಸುಮಾರು ೪೦ ಅಡಿ ಎತ್ತರವೆಂದು ಬರೆದರು. ತಾವು ಮೊದಲು ಏರಿ, ತೇನ್‌ಸಿಂಗ್ ಮೇಲೆ ಬಂದು ಬಿದ್ದಾಗ ಕಡಲಿನಿಂದ ಎಳೆದುಹಾಕಿದ ದೊಡ್ಡ ಮೀನಿನಂತೆ ಕಂಡನೆಂದು ಉಪಮೆ ಕೊಟ್ಟರು. ತೇನ್‌ಸಿಂಗರು ಎರಡನ್ನೂ ಒಪ್ಪುವುದಿಲ್ಲ. ತಮ್ಮ ಅಂದಾಜಿನಲ್ಲಿ ಅದು ೧೫ ಅಡಿಗಿಂತ ಹೆಚ್ಚೇನೂ ಇರಲಿಲ್ಲ. ತಮ್ಮನ್ನು ಯಾರೂ ಎಳೆಯಲಿಲ್ಲ, ತಾವೇ ಏರಿದೆವು. ಆ ಮೀನಿನ ಮಾತು ತಮಗೆ ಹಿಡಿಸಲಿಲ್ಲ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ನಮಗೆ ಇಲ್ಲಿ ಒಂದು ಒಳ್ಳೆಯ ಪಾಠವಿದೆ. ಬರೆದವನಿಗೆ ಉಪಮೆ ಒಂದು ಚಮತ್ಕಾರ. ಉಪಮೇಯನಾದವನಿಗೆ ಅದು ಜಗತ್ತಿನ ಮುಂದೆ ತನ್ನ ಸ್ಥಾನ. ಅಳೆದು ತೀರ್ಮಾನಿಸೋಣವೆಂದರೆ, ೨೦೧೫ರ ಭೂಕಂಪದ ಅನಂತರ ಆ ಬಂಡೆಯ ರೂಪವೇ ಬದಲಾಗಿದೆಯೆಂದು ಹಲವು ಆರೋಹಿಗಳು ವರದಿಮಾಡಿದ್ದಾರೆ. ಉಳಿದಿರುವುದು ಎರಡು ಗ್ರಂಥಗಳು ಮಾತ್ರ.

ಶಿಖರದ ಮೇಲೆ ತೇನ್‌ಸಿಂಗರ ಚಿತ್ರವಿದೆ, ಹಿಲರಿಯವರದಿಲ್ಲ. ಏಕೆ? ತೇನ್‌ಸಿಂಗ್ ಎಂದೂ ಛಾಯಾಚಿತ್ರ ತೆಗೆದಂತೆ ತಮಗೆ ತಿಳಿದಿರಲಿಲ್ಲ, ಎವರೆಸ್ಟಿನ ನೆತ್ತಿ ಅದನ್ನು ಕಲಿಸುವ ಸ್ಥಳವಲ್ಲ ಎಂದು ಹಿಲರಿಯವರು ಬರೆಯುತ್ತಾರೆ. ನಾನು ತೆಗೆಯುತ್ತೇನೆಂದು ಸನ್ನೆ ಮಾಡಿದೆ, ಅವರು ಬೇಡವೆಂದು ತಲೆಯಾಡಿಸಿದರು ಎಂದು ತೇನ್‌ಸಿಂಗರು ಹೇಳುತ್ತಾರೆ. ಇನ್ನು ಶಿಖರದಲ್ಲಿ ಇಟ್ಟುಬಂದ ಕಾಣಿಕೆಗಳು. ತೇನ್‌ಸಿಂಗರ ಸಿಹಿತಿಂಡಿಗಳು ಹಿಲರಿಯವರ ಕಣ್ಣಿಗೆ ಬಿದ್ದಿವೆ. ಹಂಟ್ ಅವರು ಕೊಟ್ಟಿದ್ದ ಸಣ್ಣ ಶಿಲುಬೆಯನ್ನು ತಾವು ಇಟ್ಟೆವೆನ್ನುತ್ತಾರೆ. ಶಿಲುಬೆಯನ್ನು ತಾವು ನೋಡಲಿಲ್ಲ, ಬಟ್ಟೆಯ ಒಂದು ಕರಿಯ ಬೆಕ್ಕಿನ ಬೊಂಬೆಯನ್ನು ಕಂಡೆವು ಎಂದು ತೇನ್‌ಸಿಂಗರು ಹೇಳುತ್ತಾರೆ. ತಾವು ಇಟ್ಟವುಗಳಲ್ಲಿ ಮಗಳು ನಿಮಾ ಕೊಟ್ಟು ಕಳುಹಿಸಿದ ಒಂದು ಪೆನ್ಸಿಲೂ ಇತ್ತೆಂದು ಸೇರಿಸುತ್ತಾರೆ.

ಇವರಲ್ಲಿ ಯಾರನ್ನೂ ಸುಳ್ಳುಗಾರರೆನ್ನಲು ನಾವು ಸಿದ್ಧರಿಲ್ಲ. ಆ ಎತ್ತರದ ತೆಳುಗಾಳಿಯಲ್ಲಿ ಇಬ್ಬರೂ ಇದ್ದುದು ಸುಮಾರು ಕಾಲು ಗಂಟೆ. ಪ್ರತಿಯೊಬ್ಬನೂ ತನ್ನ ಕೈ ಮಾಡಿದ್ದನ್ನು ಚೆನ್ನಾಗಿ ಕಂಡ, ಮತ್ತೊಬ್ಬನ ಕೈ ಮಾಡಿದ್ದನ್ನು ಅರ್ಧ ಕಂಡ. ಇತಿಹಾಸವೆಂಬುದು ಬಹುಪಾಲು ಹೀಗೆ ಅರ್ಧ ಕಂಡುದರಿಂದಲೇ ಕಟ್ಟಿದ್ದು. ಒಂದೇ ಗ್ರಂಥವನ್ನು ಓದಿದವನಿಗೆ ಇದು ತಿಳಿಯುವುದಿಲ್ಲ; ಎರಡನ್ನು ಎದುರುಬದುರು ಇಟ್ಟವನಿಗೆ ಮಾತ್ರ ತಿಳಿಯುತ್ತದೆ.

೪

ಇಲ್ಲಿಗೆ ನಿಲ್ಲಿಸಿದರೆ ವಿಮರ್ಶೆ ಅಪೂರ್ಣವಾಗುತ್ತದೆ. ಮಗಳ ಪೆನ್ಸಿಲನ್ನು ಶಿಖರಕ್ಕೆ ಒಯ್ದ ತಂದೆಗೆ ಓದುಬರಹ ಬರುತ್ತಿರಲಿಲ್ಲ. ಶೆರ್ಪಾ, ನೇಪಾಳಿ, ಹಿಂದಿ ಮೊದಲಾಗಿ ಹಲವು ಭಾಷೆಗಳು ಅವರ ನಾಲಗೆಯ ಮೇಲಿದ್ದವು; ಯಾವುದೂ ಲೇಖನಿಗೆ ಇಳಿಯಲಿಲ್ಲ. ‘ಮ್ಯಾನ್ ಆಫ್ ಎವರೆಸ್ಟ್’ ಅವರು ಹೇಳಿದ ಪುಸ್ತಕ. ಬರೆದವರು ಜೇಮ್ಸ್ ರ್‍ಯಾಮ್ಸೆ ಉಲ್ಮನ್ ಎಂಬ ಅಮೆರಿಕದ ಕಾದಂಬರಿಕಾರರು. ನಡುವೆ ದುಭಾಷಿಯಾಗಿ ನಿಂತವರು ದಾರ್ಜಿಲಿಂಗಿನ ಮಿತ್ರರಾದ ರವೀಂದ್ರನಾಥ ಮಿತ್ರರು. ಹೀಗಾಗಿ ಆ ಗ್ರಂಥದ ‘ನಾನು’ ಮೂರು ಜನರ ಕೈದಾಟಿ ಬಂದದ್ದು. ಮಾತು ಒಬ್ಬರದು, ಭಾಷಾಂತರ ಇನ್ನೊಬ್ಬರದು, ವಾಕ್ಯದ ಓಟ ಮತ್ತೊಬ್ಬರದು.

ಹಾಗಾದರೆ ನಾವು ಕೇಳುತ್ತಿರುವುದು ಯಾರ ದನಿ? ಕೆಲವು ಕಡೆ ಇಂಗ್ಲಿಷ್ ಗದ್ಯ ಅತಿ ನುಣುಪಾಗಿ ಹರಿಯುತ್ತದೆ. ಅಂಥಲ್ಲಿ ಉಲ್ಮನ್ನರ ಕೈ ಕಾಣುತ್ತದೆಂದು ನಮ್ಮ ಭಾವನೆ. ಆದರೆ ಕಠ್ಮಂಡುವಿನಲ್ಲಿ ಶೆರ್ಪರನ್ನು ಬ್ರಿಟಿಷ್ ರಾಯಭಾರ ಕಚೇರಿಯ ವಾಹನಶಾಲೆಯಲ್ಲಿ, ಶೌಚದ ಅನುಕೂಲವೂ ಇಲ್ಲದೆ, ಮಲಗಿಸಿದ ಪ್ರಸಂಗವಿದೆ. ನೀನು ನೇಪಾಳಿಯೋ ಭಾರತೀಯನೋ ಎಂದು ಎಲ್ಲರೂ ಮೇಲೆಬಿದ್ದು ಕೇಳುವ ಪ್ರಸಂಗವಿದೆ. ಇಂಥ ಕಡೆಗಳಲ್ಲಿ ಅನುಭವದ ಬಿಸಿ ಮೂರು ಕೈ ದಾಟಿದ ಮೇಲೂ ಆರಿಲ್ಲ. ಇವನ್ನು ಯಾವ ಕಾದಂಬರಿಕಾರನೂ ಮೇಜಿನ ಮುಂದೆ ಕುಳಿತು ಕಲ್ಪಿಸಿರಲಾರ. ಅಕ್ಷರವಿಲ್ಲದವನ ಸಾಕ್ಷ್ಯವೆಂದು ಈ ಗ್ರಂಥವನ್ನು ಕೀಳೆಣಿಸುವುದು ಒಂದು ತಪ್ಪು. ಬಡವನ ದನಿಯೆಂದು ಪರಿಶೀಲಿಸದೆ ತಲೆಬಾಗುವುದು ಇನ್ನೊಂದು. ಹಂಟ್ ಅವರಿಗೆ ಹಾಕುವ ಒರೆಗಲ್ಲನ್ನೇ ಇದಕ್ಕೂ ಹಾಕಬೇಕು. ಹಾಕಿದಾಗ ಇದರ ಬಂಗಾರ ಕಡಮೆಯಾಗುವುದಿಲ್ಲ.

೫

ಗಡಿಭಾಗದ ಅಧ್ಯಾಪಕರಾದ ನಮಗೆ ಈ ಪ್ರಶ್ನೆಗಳು ದೂರದವಲ್ಲ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಮಾತನಾಡುವ ಜನರ ನಡುವೆ ನಾವಿದ್ದೇವೆ. ಕಾಸರಗೋಡಿನ ತುಳು ಮಲೆಯಾಳಗಳ ನಡುವೆ, ಸೊಲ್ಲಾಪುರ ಅಕ್ಕಲಕೋಟೆಗಳ ಮರಾಠಿಯ ನಡುವೆ, ಆದವಾನಿ ರಾಯದುರ್ಗಗಳ ತೆಲುಗಿನ ನಡುವೆ ನಿಂತು, ನೀವು ಯಾವ ಕಡೆಯವರು ಎಂಬ ಪ್ರಶ್ನೆಯನ್ನು ನಾವೂ ಕೇಳಿಸಿಕೊಂಡಿದ್ದೇವೆ. ನಾಲ್ಕು ಭಾಷೆ ಆಡಿ ಒಂದನ್ನೂ ಬರೆಯಲಾಗದ ಹಿರಿಯರು ನಮ್ಮ ಊರುಗಳಲ್ಲಿ ಇದ್ದರು. ಅವರ ಬಾಯಿಂದ ಹಾಡನ್ನೋ ಕಥೆಯನ್ನೋ ಬರೆದುಕೊಂಡವರು ಈ ಸಂಚಿಕೆಯ ವಾಚಕರಲ್ಲಿ ಅನೇಕರಿರಬಹುದು. ಹಾಗೆ ಬರೆದುಕೊಳ್ಳುವಾಗ ನಾವೇ ಉಲ್ಮನ್, ನಾವೇ ಮಿತ್ರ. ಎಲ್ಲಿ ಅವರ ಮಾತು ಮುಗಿದು ನಮ್ಮ ತಿದ್ದುಪಡಿ ಮೊದಲಾಯಿತೆಂಬುದನ್ನು ಗುರುತು ಹಾಕದೆ ಹೋದರೆ, ಮುಂದಿನವರು ಅವರ ದನಿಯೆಂದು ನಮ್ಮ ದನಿಯನ್ನೇ ಕೇಳಬೇಕಾಗುತ್ತದೆ.

ಸಾಹಸಗ್ರಂಥಗಳನ್ನು ತರಗತಿಗೆ ಒಯ್ಯುವ ಮಿತ್ರರಲ್ಲಿ ನಮ್ಮ ಬಿನ್ನಹ ಇಷ್ಟು. ಸಾಧ್ಯವಾದೆಡೆ ಒಂದನ್ನೇ ಒಯ್ಯಬೇಡಿ, ಎರಡನ್ನು ಒಯ್ಯಿರಿ: ನಾಯಕನದೊಂದು, ಹೊರೆ ಹೊತ್ತವನದೊಂದು. ಬಂಡೆ ೪೦ ಅಡಿಯೋ ೧೫ ಅಡಿಯೋ ಎಂದು ಹುಡುಗರನ್ನೇ ವಾದಕ್ಕೆ ಬಿಡಿರಿ. ತೀರ್ಪು ನೀಡಲು ಆತುರಪಡಬೇಡಿರಿ. ಆ ಯಾತ್ರೆಯಲ್ಲಿ ಸಾಮಾನು ಹೊತ್ತು ನಡೆದವರು ಸುಮಾರು ೩೫೦ ಜನ. ಅವರಲ್ಲಿ ಪುಸ್ತಕ ಬಿಟ್ಟುಹೋದವರು ಯಾರೂ ಇಲ್ಲವೆನ್ನಬಹುದು. ಓದಲು ಕಲಿತ ಹುಡುಗನೊಬ್ಬ ಪುಟ ಮಗುಚಿ, ಇವರು ಏನು ಹೇಳುತ್ತಿದ್ದರು ಎಂದು ಕೇಳಿದರೆ, ಅಂದಿನ ಪಾಠ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.