ಕಾಗದ ಬಿಟ್ಟು ಬಂದ ಗೆರೆ

ಶೀಲಾ ಗೌಡ ಅವರ ಶಿಲ್ಪಗಳ ಬಲ ಇರುವುದು ಗೆರೆಯಲ್ಲಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಕಲಿತದ್ದು ಚಿತ್ರಕಲೆಯನ್ನು: ಮೊದಲು ಬೆಂಗಳೂರಿನಲ್ಲಿ ಆರ್.ಎಂ. ಹಡಪದರ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, 1986ರ ಹೊತ್ತಿಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಸುದರ್ಶನ ಶೆಟ್ಟಿಯವರೂ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಓದಿ ಶಿಲ್ಪಕ್ಕೆ ಬಂದವರೇ. ಅವರಲ್ಲಿ ವಸ್ತು ಮುಂದೆ ನಿಲ್ಲುತ್ತದೆ. ಶೀಲಾ ಗೌಡರಲ್ಲಿ ರೇಖಾಚಿತ್ರ ಬರೆಯುವ ಕೈ ಬಿಟ್ಟುಹೋಗಿಲ್ಲ.

1992ರ ನಂತರದ ಕೋಮುಗಲಭೆಗಳ ಕಾಲದಲ್ಲಿ ಅವರ ಕೆಲಸ ತಿರುವು ಪಡೆಯಿತು. ಎಣ್ಣೆವರ್ಣದ ಜಾಗಕ್ಕೆ ಸಗಣಿ ಬಂತು. ನಮ್ಮಲ್ಲಿ ಸಗಣಿ ಅಂಗಳ ಸಾರಿಸುವ, ಬೆರಣಿ ತಟ್ಟುವ ದಿನಬಳಕೆಯ ವಸ್ತು. ಪೂಜೆಗೂ ಬೇಕು, ರಾಜಕೀಯದ ಭಾರವೂ ಅದಕ್ಕಿದೆ. ಮೊದಲು ಅದು ಬಣ್ಣದಂತೆ ಚಿತ್ರದ ಮೇಲ್ಮೈಗೆ ಬಂತು, ಬಳಿಕ ಗಟ್ಟಿಯಾಗಿ ನೆಲಕ್ಕಿಳಿಯಿತು. 1996ರ ‘ಮಾರ್ಟರ್ ಲೈನ್’ನಲ್ಲಿ ಸಗಣಿಯ ಇಟ್ಟಿಗೆಗಳು ಬಾಗಿದ ಸಾಲಾಗಿ ನೆಲದ ಮೇಲೆ ಕೂತಿವೆ, ನಡುವಿನ ಸಂದಿಯಲ್ಲಿ ಕುಂಕುಮದ ಕೆಂಪು. ಎರಡು ಬಗೆಯ ಗೆರೆಗಳು ಇಲ್ಲಿ ಒಂದೇ ಕೃತಿಯಲ್ಲಿವೆ: ಕಟ್ಟಡದವನ ಗಾರೆಯ ಗೆರೆ ಮತ್ತು ಗಾಯದ ಗೆರೆ.

ಅವರ ಅತ್ಯುತ್ತಮ ರೇಖಾಚಿತ್ರ ಯಾವುದೆಂದು ಕೇಳಿದರೆ 1998ರ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯನ್ನೇ ಹೆಸರಿಸಬೇಕು. ಅದರಲ್ಲಿ ಕಾಗದವೂ ಇಲ್ಲ, ಪೆನ್ಸಿಲ್ಲೂ ಇಲ್ಲ. ನೂರು ಮೀಟರಿಗೂ ಮಿಕ್ಕಿದ ನೂಲನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ ಪೂರ್ತಿ ಎಳೆಯುವುದು, ಅಂಥ ಎಳೆಗಳನ್ನು ಒಟ್ಟುಗೂಡಿಸಿ ಕುಂಕುಮ ಮತ್ತು ಅಂಟು ಸವರಿ ಹಗ್ಗ ಮಾಡುವುದು, ತುದಿಯಲ್ಲಿ ಸೂಜಿಗಳನ್ನು ಗೊಂಚಲಾಗಿ ಹಾಗೇ ಬಿಡುವುದು. ಹಗ್ಗ ಗೋಡೆಯಿಂದ ಜೋತು ನೆಲದ ಮೇಲೆ ಸುತ್ತಿಕೊಳ್ಳುತ್ತದೆ. ಕೈಬೀಸಿ ಬರೆದ ಗೆರೆಯ ಸಲೀಸು ಅದಕ್ಕಿದೆ, ಆದರೆ ಆ ಸಲೀಸಿನ ಹಿಂದೆ ಹೆಣ್ಣುಮಕ್ಕಳ ಮನೆಗೆಲಸದಂಥ ಮುಗಿಯದ ದುಡಿಮೆ ಇದೆ. ಅಚ್ಚಾದ ಫೋಟೊದಲ್ಲಿ ಈ ಕೃತಿ ಬರೀ ಚೆಂದದ ಕೆಂಪು ಸುರುಳಿಯಾಗಿ ಬಿಡುತ್ತದೆ. ಅದು ನಿಜವಾದ ನಷ್ಟ. ಸೂಜಿಗಳ ಗೊಂಚಲನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ನೋವೆಂಬ ಮಾತಿಗೆ ಆಧಾರ ಸಿಗುತ್ತದೆ. ಆ ಗೊಂಚಲು ಇಲ್ಲದಿದ್ದರೆ ಕೃತಿ ಅಲಂಕಾರವಾಗಿಯೇ ಉಳಿಯುತ್ತಿತ್ತು.

ಜರ್ಮನಿಯ ಕಾಸೆಲ್‌ನಲ್ಲಿ 2007ರ ಡಾಕ್ಯುಮೆಂಟಾ ಪ್ರದರ್ಶನದಲ್ಲಿದ್ದ ‘ಕೊಲ್ಯಾಟರಲ್’ ಕಾಗದದ ಚಿತ್ರಕ್ಕೆ ಇನ್ನೂ ಹತ್ತಿರದ್ದು. ಊದುಬತ್ತಿಯ ಹಿಟ್ಟನ್ನು ಆಕಾರಗಳಾಗಿ ಮಾಡಿ ಚೌಕಟ್ಟಿನ ಜಾಲರಿಯ ಮೇಲಿಟ್ಟು ಸುಟ್ಟಾಗ, ಬೂದಿ ಅದೇ ಆಕಾರದಲ್ಲಿ ಉಳಿಯಿತು. ಯುದ್ಧ ನಡೆದ ನೆಲವನ್ನು ಮೇಲಿನಿಂದ ಕಂಡಂತಿರುವ ಈ ಬೂದಿಚಿತ್ರವನ್ನು ಅಳಿಸಲು ಒಂದು ಉಸಿರು ಸಾಕು. ಇದ್ದಿಲಿನಿಂದ ಬರೆಯುವ ಚಿತ್ರಕಾರರು ಎಷ್ಟೋ ಮಂದಿ. ಸುಡುವ ಕ್ರಿಯೆಯೇ ಚಿತ್ರವಾಗುವಂತೆ ಮಾಡಿದವರು ವಿರಳ.

2009ರ ವೆನಿಸ್ ಬಿಯೆನಾಲೆಯಲ್ಲಿ ಪ್ರದರ್ಶನಗೊಂಡ ‘ಬಿಹೋಲ್ಡ್’ ಹೆಚ್ಚು ಹೆಸರು ತಂದಿತು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುವ ಕೂದಲ ಹಗ್ಗ ಸುಮಾರು 4 ಕಿಲೋಮೀಟರ್, ಜತೆಗೆ ಕಾರುಗಳ 20 ಬಂಪರ್. ಈಗ ಇದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕೂದಲು ಮತ್ತು ಉಕ್ಕಿನ ವೈರುಧ್ಯ ನೋಡಿದ ಕೂಡಲೇ ಅರ್ಥವಾಗುತ್ತದೆ, ಬೇಗ ಅರ್ಥವಾಗುವುದೇ ಅದರ ಮಿತಿಯೂ ಹೌದು. ಗೋಡೆಯ ಮೇಲೆ ಹರಡಿ ಸಿಕ್ಕುಗಟ್ಟಿದ ಕಪ್ಪು ಗೆರೆಗಳು ಮಾತ್ರ ಆ ವೈರುಧ್ಯವನ್ನು ಮೀರುತ್ತವೆ. ಅಲ್ಲಿ ಹಳೆಯ ಚಿತ್ರಗಾರ್ತಿ ಮತ್ತೆ ಕಾಣಿಸುತ್ತಾರೆ.

2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ಬಂತು. ಅದೇ ವರ್ಷ ಮಿಲಾನಿನಲ್ಲಿ ‘ರಿಮೇನ್ಸ್’ ಎಂಬ ದೊಡ್ಡ ಪ್ರದರ್ಶನ ನಡೆಯಿತು. ಪ್ರಸಿದ್ಧಿಯಲ್ಲಿ ‘ಬಿಹೋಲ್ಡ್’ ಮುಂದಿರಬಹುದು, ಆದರೆ ಗೆರೆಯ ಸತ್ವದಲ್ಲಿ ಕುಂಕುಮದ ನೂಲೇ ಮೇಲು.