ಹೆಗಲೇರಿದ ಮಂದ್ರ

ಮೆರವಣಿಗೆಯ ಬ್ಯಾಂಡಿನಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಸೂಸಾಫೋನಿನ ಕಡೆಗೆ, ಕಿವಿ ಹೋಗುವುದು ಕಟ್ಟಕಡೆಗೆ. ವಾದಕನ ಮೈಯನ್ನು ಬಳಸಿಕೊಂಡು, ಎಡಹೆಗಲ ಮೇಲೆ ಭಾರವೂರಿ, ತಲೆಯ ಮೇಲೆ ಮೊರದಗಲದ ಬಾಯಿ ತೆರೆದು ನಿಲ್ಲುವ ಈ ಹಿತ್ತಾಳೆಯ ವಾದ್ಯವು ನೋಟಕ್ಕೆಷ್ಟು ಆಡಂಬರದ್ದೋ ಕಾರ್ಯದಲ್ಲಿ ಅಷ್ಟೇ ವಿನಯದ್ದು. ಟ್ರಂಪೆಟ್ಟು ಕ್ಲಾರಿನೆಟ್ಟುಗಳು ತಾರದಲ್ಲಿ ವಿಹರಿಸುತ್ತಿರುವಾಗ ಮಂದ್ರಸ್ಥಾಯಿಯನ್ನು ಹಿಡಿದುಕೊಂಡು ನಡಿಗೆಯ ಲಯಕ್ಕೆ ಆಧಾರವಾಗಿರುವುದೇ ಅದರ ಧರ್ಮ. ಆದುದರಿಂದ ಇದನ್ನು ಆರಿಸಲು ಹೊರಟವನು ವಾಲ್ವುಗಳನ್ನು ಮೊದಲು, ಹೊಳಪನ್ನು ಕೊನೆಗೆ ಪರೀಕ್ಷಿಸತಕ್ಕದ್ದೆಂದು ನನ್ನ ಅಭಿಮತ.

ಇದರ ಜನ್ಮವೃತ್ತಾಂತದಲ್ಲಿ ಒಂದು ವಿನೋದವಿದೆ. 1880ರಿಂದ 1892ರವರೆಗೆ ಅಮೆರಿಕದ ಮರೀನ್ ಬ್ಯಾಂಡಿನ ನಾಯಕನಾಗಿದ್ದ ಜಾನ್ ಫಿಲಿಪ್ ಸೂಸಾ, ಹೆಲಿಕಾನ್ ಎಂಬ ಹಳೆಯ ವಾದ್ಯದ ನಾದವು ನೇರವಾಗಿ ನುಗ್ಗುವುದಕ್ಕೆ ಬದಲಾಗಿ ಮೇಲೆದ್ದು ಇಡೀ ವೃಂದದ ಮೇಲೆ ಹರಡಬೇಕೆಂದು ಬಯಸಿದನು. ಅದರಂತೆ 1890ರ ದಶಕದಲ್ಲಿ ಫಿಲಡೆಲ್ಫಿಯದ ಜೆ. ಡಬ್ಲ್ಯು. ಪೆಪ್ಪರನೂ, 1898ರಲ್ಲಿ ಸಿ. ಜಿ. ಕಾನ್‌ನ ಕಾರ್ಖಾನೆಯೂ ಆಕಾಶಕ್ಕೆ ಬಾಯಿ ತೆರೆದ ವಾದ್ಯವನ್ನು ನಿರ್ಮಿಸಿಕೊಟ್ಟುವು. ಅದು ಮಳೆನೀರು ಹಿಡಿಯುವ ಪಾತ್ರೆಯೆಂದು ಜನ ನಗೆಯಾಡಿದರು. ಸೂಸಾನ ಸ್ವಂತ ಬ್ಯಾಂಡು ಬೀದಿಯಲ್ಲಿ ನಡೆದುದು ಬಲು ಅಪರೂಪ. ಬಾಯಿ ಮುಂದಕ್ಕೆ ತಿರುಗಿದ ಮೇಲೆಯೇ ಕುಳಿತು ನುಡಿಸಲೆಂದು ಹುಟ್ಟಿದ ವಾದ್ಯವು ನಡೆಯುವವರ ಸೊತ್ತಾದುದು.

ಇನ್ನು ಪರೀಕ್ಷೆಗೆ ಬರೋಣ. ಬಿಡಿಸಿದರೆ ಸುಮಾರು 18 ಅಡಿ ಉದ್ದವಾಗುವ ಈ ಕೊಳವೆಯಲ್ಲಿ ಉಸಿರಿನ ದಾರಿಯನ್ನು ಬದಲಿಸುವುವು ಮೂರು ಪಿಸ್ಟನ್ ವಾಲ್ವುಗಳು. ವಾಲ್ವನ್ನು ಒತ್ತದೆ ಅದಕ್ಕೆ ಸೇರಿದ ಸ್ಲೈಡನ್ನು ಸ್ವಲ್ಪ ಹೊರಕ್ಕೆಳೆದು, ಅನಂತರ ವಾಲ್ವನ್ನು ಒತ್ತಿರಿ. 'ಟಪ್' ಎಂಬ ಸ್ಪಷ್ಟವಾದ ಸದ್ದು ಕೇಳಿಸಿತಾದರೆ ಒಳಗೆ ಗಾಳಿ ಸೋರುತ್ತಿಲ್ಲ, ಏನೂ ಕೇಳಿಸದಿದ್ದರೆ ಪಿಸ್ಟನ್ ಸವೆದಿರಬಹುದೆಂದು ತಿಳಿಯಬೇಕು. ಬಾಯಿಯ ಅಂಚಿನಲ್ಲಿ ತಗ್ಗುಗಳಿದ್ದರೆ ಗಾಬರಿಯಾಗಬೇಕಿಲ್ಲ, ಅವು ಮುಖದ ಕಲೆಗಳಷ್ಟೇ. ಆದರೆ ಮೌತ್‌ಪೀಸಿನ ಸಮೀಪದ ಕಿರಿದಾದ ಕೊಳವೆಯಲ್ಲಿ ಒಂದೇ ಒಂದು ತಗ್ಗಿದ್ದರೂ ಸ್ವರಕ್ಕೆ ಕುಂದು. ಅಲ್ಲಿಯೇ ಹಿತ್ತಾಳೆಯ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳು ಕಂಡುವಾದರೆ ಲೋಹದೊಳಗಿನ ಸತುವು ಕರಗಿಹೋಗಿ ಕೊಳವೆ ಜೀರ್ಣವಾಗುತ್ತಿದೆಯೆಂದರ್ಥ. ಅಂಥದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಭಾರದ ವಿಷಯದಲ್ಲಿ ದಾಕ್ಷಿಣ್ಯ ಕೂಡದು. ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಬ್ಯಾಂಡು ಮೈದಾನದಲ್ಲಿ ತನ್ನ ರಾಜ್ಯದ ಹೆಸರನ್ನು ನಡೆನಡೆದು ಬರೆಯುವಾಗ, 'ಐ' ಅಕ್ಷರದ ಬಿಂದುವಾಗುವ ಗೌರವವನ್ನು ಸೂಸಾಫೋನ್ ವಾದಕನಿಗೆ ಮೀಸಲಾಗಿಟ್ಟಿದೆ. ಅವನು ಆ ಹೊರೆಯೊಡನೆಯೇ ಮೊಣಕಾಲೆತ್ತಿ ಕುಣಿದು ಬಂದು, ಎರಡೂ ಕಡೆಗೆ ಬಾಗಿ ವಂದಿಸುವುದನ್ನು ನೋಡಿದವರಿಗೆ ಹೆಗಲಿನ ಮಹಿಮೆ ಅರಿವಾಗುತ್ತದೆ. 1960ರ ದಶಕದಿಂದ ಬಳಕೆಗೆ ಬಂದ ಫೈಬರ್‌ಗ್ಲಾಸಿನ ವಾದ್ಯಗಳು ಹಗುರವೆಂಬುದು ನಿಜ, ಆದರೆ ಹಿತ್ತಾಳೆಯ ನಾದದಲ್ಲಿರುವ ತುಂಬುತನ ಅವುಗಳಲ್ಲಿಲ್ಲ. ಎಳೆಯ ಹುಡುಗರ ತಂಡಕ್ಕೆ ಅವನ್ನೇ ಕೊಳ್ಳುವುದು ವಿವೇಕ, ಬೆಳೆದವರಿಗೆ ಹಿತ್ತಾಳೆಯೇ ಸರಿ. ಯಾವುದಾದರೂ ಹೆಗಲಿಗೇರಿಸಿಕೊಂಡು ಕಾಲು ಗಂಟೆ ನಡೆದು ನೋಡದೆ ಹಣ ಕೊಡಬೇಡಿರಿ.

ಕೊನೆಯದಾಗಿ ಕೇಳುವ ಕ್ರಮ. ವಾದ್ಯದ ಬಾಯಿ ಶ್ರೋತೃಗಳ ಕಡೆಗಿರುವುದರಿಂದ ನುಡಿಸುವವನಿಗೆ ಕೇಳುವ ನಾದವೇ ಬೇರೆ, ಎದುರಿಗಿದ್ದವರಿಗೆ ಕೇಳುವುದೇ ಬೇರೆ. ಆದುದರಿಂದ ಬಲ್ಲವನೊಬ್ಬನ ಕೈಗೆ ಅದನ್ನು ಕೊಟ್ಟು, ಗೋಡೆಗಳಿಲ್ಲದ ಬಯಲಿನಲ್ಲಿ ದೂರ ನಿಂತು, ಮೊದಲು ಮೆಲ್ಲನೆಯೂ ಆಮೇಲೆ ಪೂರ್ಣ ಬಲದಿಂದಲೂ ನುಡಿಸಹೇಳಿರಿ. ಗಟ್ಟಿಯಾಗಿ ಊದಿದಾಗಲೂ ಸ್ವರವು ಒಡೆಯದೆ, ಒಂದನೆಯ ಮತ್ತು ಮೂರನೆಯ ವಾಲ್ವುಗಳನ್ನು ಕೂಡಿಸಿ ಒತ್ತಿದಾಗ ಶ್ರುತಿಯು ತೀರ ಏರದೆ ನಿಲ್ಲಬೇಕು. ಹಳೆಯ ವಾದ್ಯವಾದರೆ ಮೌತ್‌ಪೀಸಿಗೂ ಕತ್ತಿನ ಕೊಳವೆಗೂ ನಡುವೆ ಕೂರುವ ಎರಡು ಪುಟ್ಟ ಬಾಗು ತುಂಡುಗಳಿವೆಯೇ ಎಂದು ಪೆಟ್ಟಿಗೆಯಲ್ಲಿ ಹುಡುಕಿ ನೋಡಿರಿ. ಮೊದಲು ಕಳೆದುಹೋಗುವುವು ಅವೇ, ಅವಿಲ್ಲದೆ ವಾದ್ಯವು ನುಡಿಸುವವನ ಬಾಯಿಗೆ ಎಟುಕುವುದೇ ಇಲ್ಲ.